ಯಾರ ಮಾತು ಸಾಕ್ಷ್ಯವಾಯಿತು?

ಅಮೆರಿಕದ ಇತಿಹಾಸಕಾರರನ್ನು ಪರಿಚಯಿಸುವಾಗ ಅವರನ್ನು ಪಂಥಗಳಾಗಿ ವಿಂಗಡಿಸುವುದು ರೂಢಿ. ಸ್ವಾತಂತ್ರ್ಯದ ವಿಜಯಯಾತ್ರೆಯೆಂಬಂತೆ ದೇಶದ ಕಥೆಯನ್ನು 1834ರಿಂದ ಸಂಪುಟದ ಮೇಲೆ ಸಂಪುಟವಾಗಿ ಬರೆದ ಜಾರ್ಜ್ ಬ್ಯಾಂಕ್ರಾಫ್ಟ್, ವಲಸಿಗರ ನೆಲೆಗಳು ಹಬ್ಬುತ್ತಿದ್ದ ಪಶ್ಚಿಮದ ಗಡಿಸೀಮೆಯೇ ಅಮೆರಿಕನ್ನರ ಸ್ವಭಾವವನ್ನು ರೂಪಿಸಿತೆಂದು 1893ರಲ್ಲಿ ವಾದಿಸಿದ ಫ್ರೆಡರಿಕ್ ಜಾಕ್ಸನ್ ಟರ್ನರ್, ಸಂವಿಧಾನವನ್ನು ರಚಿಸಿದವರ ಹಣಕಾಸಿನ ಹಿತಾಸಕ್ತಿಗಳನ್ನು 1913ರಲ್ಲಿ ಕೆದಕಿದ ಚಾರ್ಲ್ಸ್ ಬಿಯರ್ಡ್, ಹೀಗೆ ಪಟ್ಟಿ ಬೆಳೆಯುತ್ತದೆ. ಪರೀಕ್ಷೆಗೆ ಓದುವವರಿಗೆ ಇದು ಅನುಕೂಲವೇ. ಆದರೆ ಪ್ರತಿ ಪೀಳಿಗೆಯೂ ಯಾರ ಮಾತನ್ನು ಸಾಕ್ಷ್ಯವೆಂದು ಒಪ್ಪಿತು, ಯಾರದನ್ನು ಬದಿಗಿಟ್ಟಿತು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ಅನಿಸಿಕೆ.

ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧ ಮುಗಿದ 1865ರಿಂದ 1877ರವರೆಗಿನ ಪುನರ್ನಿರ್ಮಾಣದ ಕಾಲವನ್ನೇ ತೆಗೆದುಕೊಳ್ಳೋಣ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರು ಮತ ಹಾಕಿ, ಶಾಸನಸಭೆಗಳಿಗೂ ಆರಿಸಿಬಂದ ಕಾಲವದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಡನ್ನಿಂಗ್ ಹಾಗೂ ಅವರ ಶಿಷ್ಯರು ದಕ್ಷಿಣದ ರಾಜ್ಯಗಳ ಆ ಕಾಲದ ಚರಿತ್ರೆಯನ್ನು ರಾಜ್ಯವಾರು ಬರೆದರು. ಅವರಲ್ಲಿ ಮೂಲದಾಖಲೆಗಳನ್ನು ಶೋಧಿಸುವ ಶಿಸ್ತಿತ್ತು, ಅಡಿಟಿಪ್ಪಣಿಗಳಿಗೂ ಕೊರತೆಯಿರಲಿಲ್ಲ. ಆದರೆ ಕಪ್ಪು ಜನರು ಆಳ್ವಿಕೆಗೆ ಅರ್ಹರಲ್ಲ ಎಂಬ ನಂಬಿಕೆಯಿಂದಲೇ ಹೊರಟವರಿಗೆ, ಯುದ್ಧದಲ್ಲಿ ಸೋತ ಜಮೀನ್ದಾರರ ದೂರುಗಳು ಪ್ರಮಾಣವಾಗಿ ಕಂಡವು. ಕಪ್ಪು ಜನರನ್ನು ಬೆದರಿಸುತ್ತಿದ್ದ ಬಿಳಿಯರ ಗುಪ್ತಸಂಘ ಕೂ ಕ್ಲಕ್ಸ್ ಕ್ಲಾನ್‌ನ ಹಿಂಸಾಚಾರವನ್ನು ಕುರಿತು, ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಸಮಿತಿಯೊಂದು ನಡೆಸಿದ ವಿಚಾರಣೆ 1872ರಲ್ಲಿಯೇ 13 ಸಂಪುಟಗಳಾಗಿ ಅಚ್ಚಾಗಿತ್ತು. ಏಟು ತಿಂದವರು, ಮನೆ ಕಳೆದುಕೊಂಡವರು ಪ್ರಮಾಣ ಮಾಡಿ ನುಡಿದ ಮಾತುಗಳು ಅದರಲ್ಲಿವೆ. ಸಾಕ್ಷ್ಯ ಸಿಗಲಿಲ್ಲವೆಂದು ಹೇಳುವ ಹಾಗೆಯೇ ಇರಲಿಲ್ಲ.

ಗುಲಾಮನಾಗಿ ಹುಟ್ಟಿ, ಮಿಸಿಸಿಪ್ಪಿಯ ಶಾಸನಸಭೆಯ ಸ್ಪೀಕರ್ ಆಗಿ, ಮುಂದೆ ಕಾಂಗ್ರೆಸ್ ಸದಸ್ಯರೂ ಆಗಿದ್ದ ಜಾನ್ ಆರ್. ಲಿಂಚ್ ತಾವು ಕಂಡ ಆ ಕಾಲವನ್ನು ಕುರಿತು 1913ರಲ್ಲಿ ಪುಸ್ತಕ ಬರೆದರು. ನಾಲ್ಕು ವರ್ಷಗಳ ಬಳಿಕ, ಕಪ್ಪು ಇತಿಹಾಸಕಾರ ಕಾರ್ಟರ್ ವುಡ್ಸನ್ ಆರಂಭಿಸಿದ್ದ ಪತ್ರಿಕೆಯಲ್ಲಿ, ಆಗ ಬಹಳ ಹೆಸರು ಮಾಡಿದ್ದ ಇತಿಹಾಸಕಾರ ಜೇಮ್ಸ್ ಫೋರ್ಡ್ ರೋಡ್ಸ್ ಅವರ ತಪ್ಪುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ಪಾಠಪುಸ್ತಕಗಳ ಕಥೆ ಮಾತ್ರ ಬದಲಾಗಲಿಲ್ಲ.

ಕಪ್ಪು ವಿದ್ವಾಂಸ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರ ಅನುಭವವೂ ಇದೇ ಬಗೆಯದು. ಪುನರ್ನಿರ್ಮಾಣದಿಂದಾದ ಒಳಿತನ್ನು ಕುರಿತು ಅವರು 1909ರಲ್ಲಿ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ನಿನ ಸಮಾವೇಶದಲ್ಲಿ ಓದಿದ ಪ್ರಬಂಧವನ್ನು ಸಂಘದ ಪತ್ರಿಕೆ ಮರುವರ್ಷ ಪ್ರಕಟಿಸಿತು. ಆಗ ತಮ್ಮ ಜನಾಂಗಕ್ಕಿದ್ದ Negro ಎಂಬ ಹೆಸರಿನ ಮೊದಲ ಅಕ್ಷರವನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಅಚ್ಚು ಮಾಡಿ ಎಂಬ ಅವರ ಕೋರಿಕೆಯನ್ನು ಮಾತ್ರ ಸಂಪಾದಕರು ಒಪ್ಪಲಿಲ್ಲ. 1935ರಲ್ಲಿ ಇದೇ ವಿಷಯದ ಮೇಲೆ ಅವರ ಬೃಹತ್ ಗ್ರಂಥ ಹೊರಬಂದಾಗ ಆ ಪತ್ರಿಕೆ ಅದನ್ನು ವಿಮರ್ಶೆಗೇ ಎತ್ತಿಕೊಳ್ಳಲಿಲ್ಲ. ದಕ್ಷಿಣದ ದಾಖಲಾಗಾರಗಳಲ್ಲಿ ಕಪ್ಪು ಸಂಶೋಧಕರೊಬ್ಬರು ಕುಳಿತು ಓದುವುದೇ ದುಸ್ತರವಾಗಿದ್ದ ದಿನಗಳಲ್ಲಿ ಡುಬಾಯ್ಸ್ ಬಹುಮಟ್ಟಿಗೆ ಮುದ್ರಿತ ಸರ್ಕಾರಿ ವರದಿಗಳನ್ನೂ ಇತರರ ಗ್ರಂಥಗಳನ್ನೂ ನೆಚ್ಚಿಕೊಂಡಿದ್ದರು. ಆದರೂ 1988ರಲ್ಲಿ ಎರಿಕ್ ಫೋನರ್ ಬರೆದ ಸಮಗ್ರ ಚರಿತ್ರೆ, ಬಿಡುಗಡೆ ಹೊಂದಿದವರನ್ನು ಕಥೆಯ ನಡುವಿಗೆ ತಂದು ನಿಲ್ಲಿಸಿದ್ದು ಡುಬಾಯ್ಸ್ ತುಳಿದ ಹಾದಿಯಲ್ಲಿಯೇ.

ಗುಲಾಮಗಿರಿಯ ಚರಿತ್ರೆಯಲ್ಲಿ ಪ್ರಶ್ನೆ ಇನ್ನಷ್ಟು ಜಟಿಲ. 1918ರಲ್ಲಿ ಆ ಚರಿತ್ರೆಯನ್ನು ಬರೆದ ಉಲ್ರಿಚ್ ಫಿಲಿಪ್ಸ್ ತೋಟದ ಮಾಲೀಕರ ಲೆಕ್ಕಪುಸ್ತಕಗಳನ್ನೂ ಪತ್ರಗಳನ್ನೂ ಶ್ರದ್ಧೆಯಿಂದ ಓದಿದರು. ಗುಲಾಮರಾಗಿದ್ದವರು ಬರೆದ ಆತ್ಮಕಥನಗಳನ್ನು ನಂಬಲಿಲ್ಲ. 1936ರಿಂದ 1938ರವರೆಗೆ ಸರ್ಕಾರಿ ಯೋಜನೆಯೊಂದರಡಿ ಅಂಥ 2,300ಕ್ಕೂ ಹೆಚ್ಚು ಮಂದಿಯ ನೆನಪುಗಳನ್ನು ಬರೆದುಕೊಳ್ಳಲಾಯಿತಾದರೂ, ಬಹುಕಾಲ ಇತಿಹಾಸಕಾರರು ಅವುಗಳ ಗೊಡವೆಗೆ ಹೋಗಲಿಲ್ಲ. ಅನುಮಾನಕ್ಕೆ ಕಾರಣಗಳಿದ್ದವು: ಹೇಳಿದವರಲ್ಲಿ ಅನೇಕರು ಗುಲಾಮಗಿರಿಯನ್ನು ಕಂಡಿದ್ದು ಬಾಲ್ಯದಲ್ಲಿ, ಕೇಳಿದವರಲ್ಲಿ ಹೆಚ್ಚಿನವರು ಬಿಳಿಯರು, ಅದೂ ಕಪ್ಪು ಜನರು ಬಿಳಿಯರೆದುರು ಬಾಯಿ ಬಿಡಲು ಹೆದರುತ್ತಿದ್ದ ಕಾಲದಲ್ಲಿ. ಆದರೆ ಮಾಲೀಕನ ಲೆಕ್ಕಪುಸ್ತಕಕ್ಕೂ ಇಷ್ಟೇ ಅನುಮಾನವನ್ನು ಅನ್ವಯಿಸಬೇಕಿತ್ತು. ಮನುಷ್ಯರನ್ನು ಆಸ್ತಿಯೆಂದು ಬರೆದಿಟ್ಟ ಕಾಗದವೇನು ನಿಷ್ಪಕ್ಷಪಾತವೇ?

ಕೊನೆಯ ಉದಾಹರಣೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಮೇನ್ ಪ್ರಾಂತದ ಹ್ಯಾಲೊವೆಲ್‌ನ ಸೂಲಗಿತ್ತಿ ಮಾರ್ಥಾ ಬ್ಯಾಲರ್ಡ್ 1785ರಿಂದ 1812ರವರೆಗೆ ದಿನಚರಿ ಬರೆದಳು. ಹವೆ, ನೂಲು, ನೇಯ್ಗೆ, ಹೆರಿಗೆ, ಬಂದ ಕೂಲಿ: ಇಷ್ಟೇ ಬರಹ. ಹಿಂದೆ ಅದನ್ನು ಓದಿದ ವಿದ್ವಾಂಸರು ಕ್ಷುಲ್ಲಕ ವಿವರಗಳ ರಾಶಿಯೆಂದು ಬಿಟ್ಟಿದ್ದರು. ಇತಿಹಾಸಕಾರ್ತಿ ಲಾರೆಲ್ ಥ್ಯಾಚರ್ ಅಲ್‌ರಿಕ್ ಅದನ್ನೇ ಸಾಲುಸಾಲಾಗಿ ಓದಿ, 816 ಹೆರಿಗೆಗಳನ್ನು ಲೆಕ್ಕ ಹಾಕಿ, ಗಂಡಸರ ಲೆಕ್ಕಪುಸ್ತಕಗಳಲ್ಲಿ ಸುಳಿವೇ ಇಲ್ಲದ ಹೆಂಗಸರ ದುಡಿಮೆ ಮತ್ತು ಕೊಡುಕೊಳ್ಳುವಿಕೆಯನ್ನು 1990ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬಿಡಿಸಿ ತೋರಿಸಿದರು. ಮದುವೆಯಾಗದ ಹೆಣ್ಣಿನ ಹೆರಿಗೆಯಲ್ಲಿ, ನೋವು ತಿನ್ನುತ್ತಿರುವಾಗಲೇ ಮಗುವಿನ ತಂದೆ ಯಾರೆಂದು ಸೂಲಗಿತ್ತಿ ಕೇಳಬೇಕಿತ್ತು. ಆ ಹೊತ್ತಿನಲ್ಲಿ ಹೆಣ್ಣು ಸುಳ್ಳು ಹೇಳುವುದಿಲ್ಲವೆಂದು ನಂಬಿದ್ದ ಕಾನೂನು ಆ ಮಾತನ್ನು ಸಾಕ್ಷ್ಯವೆಂದು ಒಪ್ಪುತ್ತಿತ್ತು. 1791ರ ಅಕ್ಟೋಬರ್‌ನಲ್ಲಿ ಸ್ಯಾಲಿ ಪಿಯರ್ಸ್ ಹೇಳಿದ ಹೆಸರು ಮಾರ್ಥಾಳ ಸ್ವಂತ ಮಗ ಜೊನಾಥನ್‌ನದು. ಮಾರ್ಥಾ ಅದನ್ನು ಮುಚ್ಚಿಡದೆ ಬರೆದುಕೊಂಡಳು, ಮರುವರ್ಷ ಫೆಬ್ರವರಿಯಲ್ಲಿ ಅವರಿಬ್ಬರ ಮದುವೆಯಾಯಿತು. ಆ ಕಾನೂನು ಮನೆಯೊಳಗೆ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಕ್ಷುಲ್ಲಕವೆನಿಸಿಕೊಂಡಿದ್ದ ಆ ದಿನಚರಿಯೇ ಆಧಾರವಾಯಿತು.