ಯಾವ ಕಂಪನಿಯ ಫೈರ್ ಇಂಜಿನ್ ಒಳ್ಳೇದು?

ಕಾರ್ಖಾನೆಯ ಸೇಫ್ಟಿ ವಿಭಾಗದವರಾಗಲಿ, ಟೌನ್‌ಶಿಪ್ ನಡೆಸುವವರಾಗಲಿ ಮೊದಲು ಕೇಳುವುದು ಇದನ್ನೇ. ಆದರೆ ನಮ್ಮಲ್ಲಿ ಓಡುವ ಮಾಮೂಲಿ ವಾಟರ್ ಟೆಂಡರಿಗೆ (ನೀರಿನ ಟ್ಯಾಂಕು, ಪಂಪ್ ಇರುವ ಫೈರ್ ಇಂಜಿನ್) ಒಬ್ಬನೇ ತಯಾರಕ ಅಂತ ಇರುವುದೇ ಇಲ್ಲ. ಚಾಸಿ, ಅಂದರೆ ಇಂಜಿನ್, ಚಕ್ರ ಇರುವ ಅಡಿಗಟ್ಟು, ಟಾಟಾ, ಅಶೋಕ್ ಲೇಲ್ಯಾಂಡ್, ಐಷರ್, ಭಾರತ್‌ಬೆಂಜ್ ಇವುಗಳಲ್ಲಿ ಯಾವುದೋ ಒಂದರದು. ಪಂಪ್ ಇನ್ನೊಬ್ಬರದು. ಟ್ಯಾಂಕ್, ಪೈಪಿಂಗ್, ಲಾಕರ್, ವೈರಿಂಗ್ ಎಲ್ಲ ಮಾಡಿ ಕೆಂಪು ಬಣ್ಣ ಹೊಡೆಯುವ ಬಾಡಿ ಬಿಲ್ಡರ್ ಮೂರನೆಯವರು. ಗಾಡಿ ಕೈಕೊಡುವುದು ಹೆಚ್ಚಾಗಿ ಈ ಮೂವರ ಕೆಲಸ ಕೂಡುವ ಜಾಗದಲ್ಲಿ. ಬ್ರೋಷರಿನಲ್ಲಿ ಆ ಜಾಗದ ಫೋಟೋ ಇರುವುದಿಲ್ಲ.

ಹೊರದೇಶದಲ್ಲಿ ಲೆಕ್ಕ ಸ್ವಲ್ಪ ಬೇರೆ. ಆಸ್ಟ್ರಿಯಾದ ರೋಸೆನ್‌ಬಾವರ್ ಪಂಪನ್ನೂ ಬಾಡಿಯನ್ನೂ ತಾನೇ ಮಾಡುತ್ತದೆ. ಅಮೆರಿಕದ ಪಿಯರ್ಸ್ ಚಾಸಿಯನ್ನೂ ಸ್ವಂತದ್ದೇ ಮಾಡುತ್ತದೆ, ಆದರೆ ಪಂಪಿಗೆ ಹೆಚ್ಚಾಗಿ ಹೇಲ್, ವಾಟರಸ್‌ನಂಥವರ ಕಡೆ ಹೋಗುತ್ತದೆ. ಬೆಂಗಳೂರಿಗೆ 2023ರಲ್ಲಿ ಬಂದ 90 ಮೀಟರ್ ಏಣಿ ಫಿನ್ಲೆಂಡಿನ ಬ್ರಾಂಟೊ ಸ್ಕೈಲಿಫ್ಟ್‌ನದು. ಆ ಕಂಪನಿ 2016ರಿಂದ ಜಪಾನಿನ ಮೊರಿತಾ ಕೈಯಲ್ಲಿದೆ. ಇಂಥ ಏಣಿಗಳಲ್ಲಿ ಬ್ರಾಂಡ್ ನೋಡಿ ಕೊಳ್ಳುವುದು ಸರಿ, ಯಾಕೆಂದರೆ ಹೈಡ್ರಾಲಿಕ್ಸ್, ಸೆನ್ಸರ್, ಕಂಟ್ರೋಲ್ ಎಲ್ಲಕ್ಕೂ ಒಬ್ಬರೇ ಹೊಣೆ. ವಾಟರ್ ಟೆಂಡರಿಗೆ ಅದೇ ಮಾತು ಹೇಳಲಾಗದು.

ಪಂಪಿನ ಮೇಲೆ ನಿಮಿಷಕ್ಕೆ 2250 ಲೀಟರ್, 7 ಬಾರ್ ಒತ್ತಡ ಅಂತ ಪ್ಲೇಟ್ ಇದೆ ಅಂದುಕೊಳ್ಳಿ. ಅಷ್ಟು ನೀರು ನಿಜಕ್ಕೂ ಬರುತ್ತದೋ ಇಲ್ಲವೋ ಹೇಳುವುದು ಟ್ಯಾಂಕಿನಿಂದ ಪಂಪಿಗೆ ಬರುವ ಪೈಪು. 100 ಮಿ.ಮೀ. ಪೈಪಿನಲ್ಲಿ ಆ ನೀರು ಸೆಕೆಂಡಿಗೆ 4.8 ಮೀಟರ್ ವೇಗದಲ್ಲಿ ಹರಿಯುತ್ತದೆ. ದುಡ್ಡು ಉಳಿಸಲು 75 ಮಿ.ಮೀ. ಹಾಕಿದರೆ ವೇಗ 8.5 ಮೀಟರ್ ಆಗುತ್ತದೆ. ಅಷ್ಟು ನೀರನ್ನು ಪಂಪ್ ಎಳೆಯಲಾರದು; ಕ್ಯಾವಿಟೇಶನ್ (ನೀರಿನಲ್ಲಿ ಆವಿಗುಳ್ಳೆ ಎದ್ದು ಒಡೆಯುವುದು) ಶುರುವಾಗಿ ಒಳಗೆ ಜಲ್ಲಿ ಉರುಳಿದ ಹಾಗೆ ಸದ್ದು ಬರುತ್ತದೆ, ನೀರು ತಳ್ಳುವ ಚಕ್ರ, ಅಂದರೆ ಇಂಪೆಲರ್, ಸವೆಯುತ್ತದೆ. ಬೈಗುಳ ಮಾತ್ರ ಪಂಪ್ ಕಂಪನಿಗೆ! ಟ್ಯಾಂಕಿನ ಗಾಳಿಕಿಂಡಿಯೂ ಅಷ್ಟೇ ಮುಖ್ಯ. 4500 ಲೀಟರ್ ಟ್ಯಾಂಕು ಪೂರ್ತಿ ಹರಿವಿಗೆ ಎರಡೇ ನಿಮಿಷದಲ್ಲಿ ಬರಿದಾಗುತ್ತದೆ. ಅಷ್ಟೇ ಗಾಳಿ ಒಳಗೆ ಹೋಗದಿದ್ದರೆ ಟ್ಯಾಂಕಿನ ತಗಡು ಒಳಕ್ಕೆ ಸೆಳೆದುಕೊಳ್ಳುತ್ತದೆ.

ಡೆಲಿವರಿ ತೆಗೆದುಕೊಳ್ಳುವ ದಿನ ಹತ್ತು ನಿಮಿಷ ನೀರು ಹಾರಿಸಿ, ಫೋಟೋ ತೆಗೆಸಿಕೊಂಡು ಸಹಿ ಹಾಕಬೇಡಿ. ಅಮೆರಿಕದ ಪರೀಕ್ಷಾ ಕ್ರಮದಲ್ಲಿ ಹೊಸ ಪಂಪನ್ನು ಪೂರ್ತಿ ಹರಿವಿನಲ್ಲಿ 10 ಬಾರ್‌ಗೆ ಎರಡು ಗಂಟೆ, 70 ಶೇಕಡಾ ಹರಿವಿನಲ್ಲಿ ಸುಮಾರು 14 ಬಾರ್‌ಗೆ ಅರ್ಧ ಗಂಟೆ, ಅರ್ಧ ಹರಿವಿನಲ್ಲಿ ಸುಮಾರು 17 ಬಾರ್‌ಗೆ ಇನ್ನರ್ಧ ಗಂಟೆ ಓಡಿಸುತ್ತಾರೆ. ನಿಮ್ಮ ಪಂಪ್ 7 ಬಾರ್‌ನದಾದರೆ ಒತ್ತಡ ಆ ಲೆಕ್ಕಕ್ಕೆ ಇಳಿಸಿಕೊಳ್ಳಿ, ಹೊತ್ತು ಮಾತ್ರ ಕಡಿಮೆ ಮಾಡಬೇಡಿ. ಇಂಜಿನ್ನಿನ ಶಕ್ತಿಯನ್ನು ಪಂಪಿಗೆ ಕೊಡುವ ಪಿಟಿಓ ಗೇರ್‌ಬಾಕ್ಸಿನ ಆಯಿಲ್ ಬಿಸಿಯೇರುವುದು ಮೊದಲ ಅರ್ಧ ಗಂಟೆ ಕಳೆದ ಮೇಲೆ. ಆಗಲೇ ಇಂಜಿನ್ ಕೂಲಂಟ್ ನೋಡಿ, ಪಂಪಿನ ಶಾಫ್ಟ್ ಸುತ್ತ ನೀರು ತಡೆಯುವ ಗ್ಲ್ಯಾಂಡ್ ನೋಡಿ. ಗ್ಲ್ಯಾಂಡ್ ಪ್ಯಾಕಿಂಗ್ ಇರುವ ಪಂಪಿನಲ್ಲಿ ಹನಿಹನಿ ನೀರು ತೊಟ್ಟಿಕ್ಕುವುದು ಸರಿಯಾದ ಲಕ್ಷಣ. ಬಿಗಿ ಮಾಡಿ ನಿಲ್ಲಿಸಿದರೆ ಶಾಫ್ಟ್ ಸವೆಯುತ್ತದೆ. ಮೆಕ್ಯಾನಿಕಲ್ ಸೀಲ್ ಇದ್ದರೆ ಹನಿಯೂ ಬೀಳಬಾರದು, ಆದರೆ ನೀರಿಲ್ಲದೆ ಓಡಿಸಿದರೆ ಅದು ಬೇಗ ಸುಟ್ಟುಹೋಗುತ್ತದೆ.

ಇನ್ನು ಒಣ ನಿರ್ವಾತ ಪರೀಕ್ಷೆ. ನೀರು ಹೊರಬಿಡುವ ಎಲ್ಲ ಡೆಲಿವರಿ ವಾಲ್ವ್ ಮುಚ್ಚಿ, ನೀರು ಎಳೆಯುವ ಸಕ್ಷನ್ ಬಾಯಿಗೆ ಮುಚ್ಚಳ ಹಾಕಿ, ಕೆರೆ ನೀರು ಎಳೆಯಲು ಪಂಪಿನ ಗಾಳಿ ತೆಗೆಯುವ ಪ್ರೈಮರ್‌ನಿಂದ 22 ಇಂಚು ಪಾದರಸದಷ್ಟು ನಿರ್ವಾತ ಎಳೆದು ನಿಲ್ಲಿಸಬೇಕು. ಐದು ನಿಮಿಷದಲ್ಲಿ 10 ಇಂಚಿಗಿಂತ ಹೆಚ್ಚು ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ ಅಂತಲೇ ಅರ್ಥ. ಬೆಂಗಳೂರಿನವರು ಒಂದು ಇಂಚು ರಿಯಾಯಿತಿ ಕೊಡಬೇಕು. ಇಲ್ಲಿ ಎತ್ತರ 900 ಮೀಟರಿಗೂ ಹೆಚ್ಚು, ವಾತಾವರಣದ ಒತ್ತಡವೇ ಕಡಿಮೆ. ಮಂಗಳೂರಿನ ದಕ್ಕೆಯಲ್ಲಿ ಸಲೀಸಾಗಿ ನೀರು ಎಳೆದ ಗಾಡಿ ಇಲ್ಲಿನ ಕೆರೆ ಏರಿಯ ಮೇಲೆ ಒಂದು ಮೀಟರಿನಷ್ಟು ಕಡಿಮೆ ಆಳದಿಂದ ಎಳೆದರೆ ಅದು ಗಾಡಿಯ ತಪ್ಪಲ್ಲ. ಕರಾವಳಿಯಲ್ಲಿ ಉಪ್ಪುನೀರು ಎಳೆಯುವ ಸಂದರ್ಭ ಇದ್ದರೆ ಲೈಟ್ ಅಲಾಯ್ (ಅಲ್ಯೂಮಿನಿಯಂ ಬೆರಕೆ) ಪಂಪ್ ಬೇಡ, ಗನ್‌ಮೆಟಲ್ (ತಾಮ್ರ, ತವರದ ಬೆರಕೆ) ಕೇಳಿ. ತೂಕ ಜಾಸ್ತಿ, ಬೆಲೆಯೂ ಜಾಸ್ತಿ, ಆದರೂ.

ಬಾಡಿ ಬಿಲ್ಡರ್ ಹೇಗಿದ್ದಾನೆ ಅಂತ ತಿಳಿಯಲು ಗಾಡಿಯ ಕೆಳಗೆ ಟಾರ್ಚ್ ಹಿಡಿದು ಮಲಗಿ ನೋಡುವುದೇ ಸರಿ. ನಾಲ್ಕೂವರೆ ಟನ್ ನೀರು ಹೊತ್ತ ಟ್ಯಾಂಕನ್ನು ಚಾಸಿ ಫ್ರೇಮಿಗೆ ನೇರ ಬೆಸೆದಿದ್ದರೆ ಅಥವಾ ರಬ್ಬರ್ ಇಲ್ಲದೆ ಬೋಲ್ಟ್ ಬಿಗಿದಿದ್ದರೆ ಅಂಥ ಗಾಡಿ ತೆಗೆದುಕೊಳ್ಳಬೇಡಿ. ಹಳ್ಳ ದಿಣ್ಣೆಯಲ್ಲಿ ಫ್ರೇಮ್ ತಿರುಚಿಕೊಳ್ಳುತ್ತದೆ, ಟ್ಯಾಂಕು ತಿರುಚಿಕೊಳ್ಳದು. ಬಿರುಕು ಬಿಡುವುದು ಬೆಸುಗೆ. ಟ್ಯಾಂಕಿನ ಒಳಗಿನ ಅಡ್ಡಗೋಡೆಗಳನ್ನು ಮ್ಯಾನ್‌ಹೋಲಿನಿಂದ ಇಣುಕಿ ಎಣಿಸಿ, ಡ್ರಾಯಿಂಗಿಗೆ ಹೋಲಿಸಿ. ಅವು ಕಡಿಮೆಯಿದ್ದರೆ ಅರ್ಧ ತುಂಬಿದ ಗಾಡಿ ತಿರುವಿನಲ್ಲಿ ವಾಲುತ್ತದೆ. ಆಮೇಲೆ ನೀರು, ಏಣಿ, ಹೋಸ್, ಸಿಬ್ಬಂದಿ ಎಲ್ಲ ತುಂಬಿಸಿ ವೇ ಬ್ರಿಡ್ಜ್ ಮೇಲೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆಬೇರೆ ತೂಗಿಸಿ. ಒಟ್ಟು ತೂಕ ಸರಿಯಿದ್ದೂ ಹಿಂದಿನ ಆಕ್ಸಲ್ ಮೀರಿರುವ ಗಾಡಿಗಳು ಇವೆ.

ಹೊಗೆ ಮಿತಿಯ ಬಿಎಸ್6 ನಿಯಮ ಬಂದ ಮೇಲೆ, ಅಂದರೆ 2020ರ ಏಪ್ರಿಲ್‌ನಿಂದೀಚೆಗೆ, ಹೊಸ ತಲೆನೋವು ವೈರಿಂಗ್‌ನದು. ಸೈರನ್, ಲೈಟಿಗೆ ಅಂತ ಬಾಡಿ ಬಿಲ್ಡರ್ ಚಾಸಿಯ ಮೂಲ ಹಾರ್ನೆಸ್ಸನ್ನೇ ಕತ್ತರಿಸಿ ಜೋಡಿಸಿದರೆ ಇಂಜಿನ್ ಕಂಟ್ರೋಲ್ ಯೂನಿಟ್ ಎರರ್ ತೋರಿಸುತ್ತದೆ, ಶಕ್ತಿ ಇಳಿಸಿಬಿಡುತ್ತದೆ. ಬೆಂಕಿ ಮುಂದೆ ನಿಂತು ಪಂಪ್ ಓಡಿಸುವಾಗ ಹೀಗಾದರೆ ಗತಿಯೇನು? ಆರ್ಡರಿನಲ್ಲೇ ಬರೆಸಿ: ವೈರ್ ಜೋಡಣೆಗೆ ಚಾಸಿ ಕಂಪನಿಯ ಲಿಖಿತ ಒಪ್ಪಿಗೆ ಬೇಕು, ಪಂಪ್ ಓಡುವಾಗ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನೊಳಗಿನ ಮಸಿ ಸುಡುವುದನ್ನು ತಡೆಹಿಡಿಯುವ ಸ್ವಿಚ್ ಇದೆಯೇ ತಿಳಿಸಬೇಕು.

ಖರೀದಿ ಟೆಂಡರಿನಲ್ಲಿ ಕಡಿಮೆ ಬೆಲೆಯವನೇ ಗೆಲ್ಲುವುದು, ಇರಲಿ. ಸ್ಪೆಸಿಫಿಕೇಶನ್ ಗಟ್ಟಿ ಇದ್ದರೆ ಅವನೂ ಸರಿಯಾದದ್ದನ್ನೇ ಕೊಡಬೇಕಾಗುತ್ತದೆ. ಸರ್ಕಾರಿ ಗಾಡಿಗಳಿಗೆ 15 ವರ್ಷದ ನಂತರ ನೋಂದಣಿ ನವೀಕರಣ ಇಲ್ಲ, 2023ರ ಏಪ್ರಿಲ್‌ನಿಂದ ಆ ನಿಯಮ ಬಂದಿದೆ. ಕಿಲೋಮೀಟರ್ ಎಷ್ಟೇ ಕಡಿಮೆ ಓಡಿರಲಿ, ಆಯಸ್ಸು ಅಷ್ಟೇ. ಹಾಗಾಗಿ ಪಂಪ್ ಸೀಲ್, ಪ್ರೈಮರ್, ವಾಲ್ವ್ ಬಿಡಿಭಾಗಗಳನ್ನು ಆ 15 ವರ್ಷವೂ ಪೂರೈಸುವ ಷರತ್ತು ಹಾಕಿ, ಮೊದಲ ಸೆಟ್ ಗಾಡಿಯ ಜೊತೆಗೇ ತರಿಸಿಕೊಳ್ಳಿ. ಪಂಪಿಗೆ ಗಂಟೆ ಮೀಟರ್ ಇದೆಯೇ ಅಂತಲೂ ನೋಡಿ. ಸರ್ವಿಸ್ ಯಾವಾಗ ಅಂತ ತಿಳಿಯುವುದು ಅದರಿಂದಲೇ ಹೊರತು ಓಡೋಮೀಟರಿನಿಂದಲ್ಲ.