ಮೊದಲಿನಂಗ ಕರ್ರಗ ಮಾಡ್ತೀರೇನ್ರಿ?

"ಅಕ್ಕೋರ, ನನ್ನ ಮೊದಲಿನಂಗ ಕರ್ರಗ ಮಾಡ್ತೀರೇನ್ರಿ?"

ಮಂಗಳವಾರ ಮಧ್ಯಾಹ್ನ ಒಂದು ಹುಡುಗಿ ಹೀಗೆ ಕೇಳಿದಳು. ಇವತ್ತು ಭಾನುವಾರ. ಮಾತು ಇನ್ನೂ ಕಿವಿಯಲ್ಲೇ ಇದೆ. ಕಲಬುರಗಿಯ ನನ್ನ ಬ್ಯೂಟಿ ಪಾರ್ಲರಿನಲ್ಲಿ 14 ವರ್ಷದಿಂದ ಜನರ ಮುಖ ನೋಡುವುದೇ ನನ್ನ ಹೊಟ್ಟೆಪಾಡು. ಬೆಳ್ಳಗೆ ಮಾಡಿ ಅಂತ ಕೇಳದವರನ್ನು ಬೆರಳಲ್ಲಿ ಎಣಿಸಬಹುದು. ಕರ್ರಗೆ ಮಾಡಿ ಅಂದವಳು ಇವಳೊಬ್ಬಳೇ.

ಮೇ ತಿಂಗಳಲ್ಲಿ ನಮ್ಮೂರ ಬಿಸಿಲು ಗೊತ್ತಲ್ವಾ. ಮಧ್ಯಾಹ್ನ ಸೂಪರ್ ಮಾರ್ಕೆಟ್ ಕಡೆ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ಕರೆಂಟ್ ಹೋಗಿತ್ತು. ಬಾಗಿಲು ಅರ್ಧ ಮುಂದೆ ಮಾಡಿ ಮಜ್ಜಿಗೆ ಕುಡಿಯುತ್ತಿದ್ದೆ. ತಾಯಿ ಮಗಳು ಒಳಗೆ ಬಂದರು. ಆಳಂದ ಕಡೆಯ ಹಳ್ಳಿಯವರು, ಬಸ್ಸಿಗೆ ಬಂದಿದ್ದರು. ಮಗಳು ದುಪಟ್ಟಾ ಮುಖಕ್ಕೆ ಸುತ್ತಿಕೊಂಡಿದ್ದಳು. ಅದೇನು ದೊಡ್ಡದಲ್ಲ, ಇಲ್ಲಿ ಸ್ಕೂಟಿ ಓಡಿಸುವ ಹುಡುಗಿಯರೆಲ್ಲ ಹಾಗೇ. ಆದರೆ ಒಳಗೆ ಬಂದು ಕೂತ ಮೇಲೂ ಅವಳು ಬಿಚ್ಚಲಿಲ್ಲ.

ಬಿಚ್ಚಿದಾಗ ನೋಡಿದೆ. ಎರಡೂ ಕೆನ್ನೆ ಈಗ ತಾನೇ ಯಾರೋ ಹೊಡೆದ ಹಾಗೆ ಕೆಂಪು. ಒಳಗೆ ಕೆಂಪು ದಾರದೆಳೆಯಂಥ ಸಣ್ಣ ರಕ್ತನಾಳಗಳು ಕಾಣುತ್ತಿದ್ದವು. ಗದ್ದದ ಮೇಲೆ ಗುಳ್ಳೆ, ಕಿವಿಯ ಮುಂದೆ ಹೊಸದಾಗಿ ಮೂಡಿದ ಕೂದಲು. ಕುತ್ತಿಗೆಗೆ ಮಾತ್ರ ಅವಳದೇ ಬಣ್ಣ ಉಳಿದಿತ್ತು, ಹುರಿದ ತೊಗರಿ ಕಾಳಿನ ಬಣ್ಣ. ಮುಖ ಒಬ್ಬಳದು, ಕುತ್ತಿಗೆ ಇನ್ನೊಬ್ಬಳದು.

"ಏನ್ ಹಚ್ಚಲಕತ್ತೀರಿ?" ಅಂದೆ.

ತಾಯಿ ಚೀಲದ ತಳದಿಂದ ಕರವಸ್ತ್ರದ ಗಂಟು ತೆಗೆದಳು. ಗಂಟಿನೊಳಗೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನೊಳಗೆ ಟ್ಯೂಬು. ಬಂಗಾರ ಇಟ್ಟುಕೊಂಡಂತೆ ಇಟ್ಟುಕೊಂಡಿದ್ದಳು. ಕ್ಲೋಬೆಟಸಾಲ್. ಸೋರಿಯಾಸಿಸ್ಸಿನಂಥ ರೋಗಕ್ಕೆ ಚರ್ಮದ ಡಾಕ್ಟರು ಕೆಲವು ದಿನದ ಮಟ್ಟಿಗೆ ಬರೆದುಕೊಡುವ ಬಲು ಜೋರಿನ ಸ್ಟೀರಾಯ್ಡ್ ಮುಲಾಮು. ಈ ಹುಡುಗಿ ಎಂಟು ತಿಂಗಳಿಂದ ದಿನಾ ರಾತ್ರಿ ಮುಖಕ್ಕೆ ಹಚ್ಚಿಕೊಂಡಿದ್ದಳು. ಬೆಳಗಾದರೆ ಅದೇ ಮುಖ ಹೊತ್ತು ಹೊಲಕ್ಕೆ.

ಕಾರಣ ನೀವೇ ಊಹಿಸಿರುತ್ತೀರಿ. ನೋಡಲು ಬಂದವರು "ಹುಡುಗಿ ಚಲೋ ಅದಾಳ, ಬಣ್ಣ ಸ್ವಲ್ಪ ಕಮ್ಮಿ" ಅಂದು ಎದ್ದು ಹೋದರು. ಸೋದರತ್ತೆ ತನ್ನ ಮನೆಯಲ್ಲಿದ್ದ ಟ್ಯೂಬು ಕೊಟ್ಟಳು. ಎರಡೇ ವಾರದಲ್ಲಿ ಮುಖ ತಿಳಿಯಾಯಿತು. ಇದರ ಮೋಸ ಇರುವುದೇ ಅಲ್ಲಿ. ಈ ಔಷಧಿ ಮೊದಮೊದಲು ರಕ್ತನಾಳ ಕುಗ್ಗಿಸುತ್ತದೆ, ಬಣ್ಣ ತಯಾರಾಗುವುದನ್ನೂ ತಗ್ಗಿಸುತ್ತದೆ. ಕನ್ನಡಿಯಲ್ಲಿ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಮನೆಯವರಿಗೆಲ್ಲ ಖುಷಿ. ಅಷ್ಟರಲ್ಲಿ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗುತ್ತಾ ಬಂದಿರುತ್ತದೆ. ಬಿಟ್ಟರೆ ಉರಿ, ಕೆಂಪು, ಗುಳ್ಳೆ. ಮತ್ತೆ ಹಚ್ಚಿದರೆ ತಣ್ಣಗೆ.

"ಸೆರಿ ಕುಡಿಯೋರಂಗ ಆಗೇದ್ರಿ ನನ್ನ ಮಕ" ಅಂದಳು ಹುಡುಗಿ. ಹೈದರಾಬಾದಿನಲ್ಲಿ ಕೋರ್ಸ್ ಮಾಡುವಾಗ ನನಗೆ ಯಾರೂ ಇದನ್ನು ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಪ್ರೀತಿಯಿಂದಲೇ ಕೊಟ್ಟಳು. ಸಿಟ್ಟು ಬಂದದ್ದು ಚೀಟಿ ಕೇಳದೆ ಟ್ಯೂಬಿನ ಮೇಲೆ ಟ್ಯೂಬು ಕೊಟ್ಟ ಔಷಧಿ ಅಂಗಡಿಯವನ ಮೇಲೆ. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಎಚ್ಚರಿಕೆ ಟ್ಯೂಬಿನ ಮೇಲೇ ಅಚ್ಚಾಗಿದೆ. ಅದು ಇಂಗ್ಲಿಷಿನಲ್ಲಿದೆ. ಓದಬಲ್ಲವನು ಕೌಂಟರಿನ ಆಚೆ ಇದ್ದ. ಅವನು ಹೇಳಿದ್ದು, "ಇದಕಿಂತ ಚಲೋದು ಬರಲ್ಲ."

ವಾತಾವರಣ ಹಗುರ ಮಾಡಲು, "ಹುಡುಗನ ತಾಯಿ ಭಾಳ ಬೆಳ್ಳಗ ಇದ್ದಳೇನು?" ಅಂತ ಕೇಳಿದೆ.

"ನನಕಿಂತ ಕರ್ರಗ ಅದಾಳ್ರಿ!"

ಮೂವರೂ ನಕ್ಕೆವು. ಆ ನಗು ಮುಗಿಯುವ ಮೊದಲೇ ಹುಡುಗಿ ಕೇಳಿದ್ದು, ಮೊದಲಿನಂಗ ಕರ್ರಗ ಮಾಡ್ತೀರೇನ್ರಿ ಅಂತ. ನಗುತ್ತಲೇ ಕೇಳಿದಳು. ಕಣ್ಣು ತುಂಬಿತ್ತು. ತಾಯಿ ಥಟ್ಟನೆ ನಗು ನಿಲ್ಲಿಸಿ ಗೋಡೆಯ ಕಡೆ ನೋಡಿದಳು.

ಅವತ್ತು ನಾನು ಏನೂ ಮಾಡಲಿಲ್ಲ. ಅಂಥ ಮುಖಕ್ಕೆ ಸ್ಟೀಮ್, ಸ್ಕ್ರಬ್, ಬ್ಲೀಚ್ ಯಾವುದೂ ಮುಟ್ಟಿಸಬಾರದು. ಚರ್ಮದ ಡಾಕ್ಟರ ಹತ್ತಿರ ಹೋಗಿ ಅಂದೆ. ಟ್ಯೂಬು ಹೇಗೆ ಬಿಡಿಸಬೇಕು, ಒಮ್ಮೆಲೇನಾ, ಸ್ವಲ್ಪಸ್ವಲ್ಪನಾ, ಅದನ್ನೂ ಅವರೇ ಹೇಳಬೇಕು. "ನೀವೂ ಡಾಕ್ಟರೇ ಅಲ್ರೀ?" ಅಂದಳು ತಾಯಿ. ಇಲ್ಲಿ ಸುಮಾರು ಜನ ನನ್ನನ್ನು ಡಾಕ್ಟರಮ್ಮ ಅಂತಲೇ ಕರೆಯುತ್ತಾರೆ. ನಿಜ ಹೇಳಬೇಕೆಂದರೆ ಹಿತವಾಗಿರುತ್ತದೆ, ತಿದ್ದುವುದಿಲ್ಲ. ಅವತ್ತು ತಿದ್ದಿದೆ. ಅವಳು 200 ರೂಪಾಯಿ ಟೇಬಲ್ಲಿನ ಮೇಲಿಟ್ಟಳು. ವಾಪಸ್ ಕೊಟ್ಟರೆ ಅವಮಾನ ಆದವರ ಹಾಗೆ ಮುಖ ಮಾಡಿದಳು. ಕೊನೆಗೆ ಮಗಳ ಕೈಗಿಟ್ಟು ಕಳಿಸಿದೆ.

ಅವರು ಹೋದ ಮೇಲೆ ಕರೆಂಟ್ ಬಂತು. ಗೋಡೆಯ ರೇಟ್ ಬೋರ್ಡಿನ ಮೇಲೆ ಲೈಟ್ ಬಿತ್ತು. ಮೊದಲು ಅದರಲ್ಲಿ 'ಫೇರ್‌ನೆಸ್ ಫೇಶಿಯಲ್' ಅಂತಿತ್ತು. 2020ರಲ್ಲಿ ಫೇರ್ ಅಂಡ್ ಲವ್ಲಿ ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿ ಆಯಿತಲ್ಲ, ಆಗ ನಾನೂ ಪೇಂಟರನ್ನು ಕರೆಸಿ 'ಗ್ಲೋ ಫೇಶಿಯಲ್' ಅಂತ ಬರೆಸಿದೆ. ಡಬ್ಬಿ ಅದೇ, ಕೈ ಅದೇ. ರೇಟ್ ಮಾತ್ರ 100 ರೂಪಾಯಿ ಜಾಸ್ತಿ.

ಬ್ಲೀಚ್ ಹಚ್ಚಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಅದರಲ್ಲಿರುವ ಪೆರಾಕ್ಸೈಡ್ ಮುಖದ ಸಣ್ಣ ಕೂದಲನ್ನು ಹೊಂಬಣ್ಣ ಮಾಡುತ್ತದೆ. ಕೂದಲು ಚರ್ಮದ ಬಣ್ಣದಲ್ಲಿ ಬೆರೆತು ಮುಖ ತಿಳಿಯಾದಂತೆ ಕಾಣುತ್ತದೆ, ಅಷ್ಟೇ. "ಎಷ್ಟ್ ಬೆಳ್ಳಗಾದೆ ನೋಡ್ರಿ" ಅಂತ ಅವರು ಕನ್ನಡಿಗೆ ಹೇಳುವಾಗ ನಾನು ಸುಮ್ನೆ ಟವೆಲ್ ಮಡಚುತ್ತಿರುತ್ತೇನೆ. ಬಣ್ಣ ಕೊಡುವ ಜೀವಕೋಶಗಳ ಲೆಕ್ಕ ಬಿಳಿಯರಲ್ಲೂ ಕರಿಯರಲ್ಲೂ ಹೆಚ್ಚುಕಮ್ಮಿ ಒಂದೇ. ಅವು ಮಾಡುವ ಬಣ್ಣದಲ್ಲಷ್ಟೇ ವ್ಯತ್ಯಾಸ. ನಮ್ಮ ಕಡೆಯ ಬಿಸಿಲಿಗೆ ಆ ಬಣ್ಣವೇ ಮೈಗೆ ಕೊಡೆ. ಇದನ್ನೂ ಬೋರ್ಡಿನಲ್ಲಿ ಬರೆಸಿಲ್ಲ. ಬರೆಸಿದರೆ ಬಾಡಿಗೆ ಯಾರು ಕಟ್ಟುತ್ತಾರೆ?

ಅಂಗಡಿಯವನನ್ನು ಎರಡು ದಿನ ಮನಸ್ಸಿನಲ್ಲೇ ಬೈದೆ. ಮೂರನೇ ದಿನ ಬೈಯಲು ಮೊದಲಿನಷ್ಟು ಗಂಟಲು ಇರಲಿಲ್ಲ.

ನಿನ್ನೆ ಹುಡುಗಿ ಫೋನ್ ಮಾಡಿದ್ದಳು. ಸರ್ಕಾರಿ ದವಾಖಾನೆಗೆ ಹೋಗಿ ಬಂದರಂತೆ. ಬೇರೆ ಔಷಧಿ ಕೊಟ್ಟಿದ್ದಾರೆ. ಸರಿಹೋಗಲು ತಿಂಗಳುಗಟ್ಟಲೆ ಬೇಕು, ಬಿಸಿಲಿಗೆ ಬರಬ್ಯಾಡ ಅಂದರಂತೆ. "ಹೊಲಕ್ಕ ಹೋಗೋರು ಬಿಸಲಿಗೆ ಬರದೆ ಎಲ್ಲಿ ಹೋಗಬೇಕ್ರಿ" ಅಂತ ನಕ್ಕಳು.

"ಅವ್ವ ಏನಂದಳು?" ಅಂದೆ.

"ಅವ್ವ ಡಾಕ್ಟರಿಗೆ ಕೇಳಿದಳ್ರಿ, ಪೂರಾ ಮೊದಲಿನಂಗ ಬ್ಯಾಡ, ಸ್ವಲ್ಪರೆ ಬೆಳ್ಳಗ ಉಳಸ್ರಿ ಅಂತ."

ಏನು ಹೇಳಲಿ ಅಂತ ಹುಡುಕುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಕುರ್ಚಿಯಿಂದ ಟೈಮರ್ ಬಡಿಯಿತು. ಅಲ್ಲಿ ಮಲಗಿದ್ದವರಿಗೆ ಬ್ಲೀಚ್ ಹಚ್ಚಿ 10 ನಿಮಿಷ ಆಗಿತ್ತು.