56 ಎಪಿಒ

ಹಾಸನದಲ್ಲಿ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಅಟ್ಟದಿಂದ ಅಪ್ಪನ ಕಪ್ಪು ಟ್ರಂಕು ಇಳಿಸಿ ಒರೆಸುತ್ತಿದ್ದೆ. ತಳದಲ್ಲಿ ಪತ್ರಗಳ ಕಟ್ಟು. ಯಾವುದರಲ್ಲೂ ಊರಿನ ಹೆಸರಿಲ್ಲ, ‘56 ಎಪಿಒ’ ಎಂಬ ಸೇನಾ ಅಂಚೆ ಕಚೇರಿಯ ವಿಳಾಸವಷ್ಟೇ ಇದೆ. ಅಪ್ಪ ಯಾವ ಗಡಿಯಲ್ಲಿದ್ದಾರೆಂದು ಅಮ್ಮನಿಗೂ ಗೊತ್ತಿರುತ್ತಿರಲಿಲ್ಲ. ಕೇಳಿದವರಿಗೆ ಅಪ್ಪ, “ಸೈನ್ಯದ ಮಾತು ಹೊರಗೆ ಬರಬಾರದು” ಎನ್ನುತ್ತಿದ್ದರು.

ಆ ಗುಟ್ಟಿಗೆ ನಾನು ಇಂದಿಗೂ ತಲೆಬಾಗುತ್ತೇನೆ. ಆದರೆ ಜಪಾನಿನ ವಿಷಯ ಓದಿದಾಗಿನಿಂದ ಬೇರೊಂದು ಬಗೆಯ ಗುಟ್ಟು ಮನಸ್ಸನ್ನು ಕೊರೆಯುತ್ತಿದೆ. ಅಣ್ವಸ್ತ್ರ ಹೊಂದುವುದಿಲ್ಲ, ತಯಾರಿಸುವುದಿಲ್ಲ, ದೇಶದೊಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು 1967ರಲ್ಲಿ ಸಂಸತ್ತಿನಲ್ಲಿ ಹೇಳಿದ್ದು ಆಗಿನ ಪ್ರಧಾನಿ ಐಸಾಕು ಸಾಟೊ. ತುರ್ತು ಬಂದರೆ ಅಮೆರಿಕ ಜಪಾನಿನ ಒಕಿನಾವಾ ದ್ವೀಪಕ್ಕೆ ಅಣ್ವಸ್ತ್ರ ತರಬಹುದೆಂಬ ಗುಟ್ಟಿನ ಕಾಗದಕ್ಕೆ 1969ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಜೊತೆ ಸಹಿ ಹಾಕಿದವರೂ ಅವರೇ! ಸಾಟೊ ಕುಟುಂಬದ ಬಳಿಯಿದ್ದ ಅದರ ಪ್ರತಿ ಬೆಳಕಿಗೆ ಬಂದದ್ದು 2009ರ ಡಿಸೆಂಬರಿನಲ್ಲಿ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಹೊಸ ಸರ್ಕಾರ ಬಂದಿತ್ತು. ವಿದೇಶಾಂಗ ಸಚಿವ ಕತ್ಸುಯಾ ಒಕಾಡಾ ಅಧಿಕಾರ ವಹಿಸಿಕೊಂಡ ಕೂಡಲೇ ಹಳೆಯ ರಹಸ್ಯ ಒಪ್ಪಂದಗಳ ಕಡತ ಹುಡುಕಲು ಆದೇಶಿಸಿದರು. 2010ರ ಮಾರ್ಚಿನಲ್ಲಿ ವರದಿಯನ್ನು ಜನರ ಮುಂದಿಟ್ಟರು. ಅಮೆರಿಕದೊಂದಿಗಿನ ಮೈತ್ರಿ ಮುರಿದುಬೀಳಲಿಲ್ಲ. ಅಮೆರಿಕದ ಫುಟೆನ್ಮಾ ಸೇನಾ ನೆಲೆಯನ್ನು ಒಕಿನಾವಾದಿಂದ ಹೊರಗೆ ಸಾಗಿಸುವ ವಿಷಯದಲ್ಲಿ ಇದೇ ಸರ್ಕಾರ ಕೊಟ್ಟ ಮಾತು ತಪ್ಪಿತು, ನಿಜ. ಆ ವರ್ಷದ ಜೂನಿನಲ್ಲಿ ಪ್ರಧಾನಿ ಹತೊಯಾಮಾ ಹುದ್ದೆಯನ್ನೇ ಬಿಟ್ಟರು. ಆದರೂ ಕಡತ ಬಿಚ್ಚಿದ ಆ ಧೈರ್ಯ ನನಗೆ ದೊಡ್ಡದಾಗಿಯೇ ಕಾಣುತ್ತದೆ.

ಅಪ್ಪ ಊರಿನ ಹೆಸರು ಮುಚ್ಚಿಟ್ಟರು, ಸುಳ್ಳು ಬರೆಯಲಿಲ್ಲ. ಒಂದು ಪತ್ರದಲ್ಲಿ, “ಇಲ್ಲಿ ತುಂಬಾ ಚಳಿ, ಮಗುವಿಗೆ ಸ್ವೆಟರ್ ಹಾಕು” ಎಂದಿದೆ. ಅದನ್ನು ಮಾತ್ರ ಹೊರಗಿಟ್ಟುಕೊಂಡಿದ್ದೇನೆ.